ಖಾಲಿ ಉಳಿದ ಐದು ವರ್ಷ: ಒಂದು ಸಂಸ್ಥೆಯ ಡಿಜಿಟಲ್ ಟೈಮ್‌ಲೈನ್ ಕಟ್ಟಿದ ಪ್ರಕರಣ

ಕೆಲಸ ಬಂದದ್ದು ಒಂದು ಫೋನ್ ಕರೆಯಲ್ಲಿ. "ನಮ್ಮ ಸಂಸ್ಥೆಗೆ ಐವತ್ತು ತುಂಬ್ತಾ ಇದೆ. ವೆಬ್‌ಸೈಟಲ್ಲಿ ಒಂದು ಟೈಮ್‌ಲೈನ್ ಬೇಕು. ಬೆರಳಲ್ಲಿ ಎಳೆದ್ರೆ ವರ್ಷ ಮುಂದಕ್ಕೆ ಹೋಗ್ಬೇಕು, ಮುಟ್ಟಿದ್ರೆ ಫೋಟೋ ತೆರ್ಕೋಬೇಕು. ಅಷ್ಟೇ." ಮರುದಿನ ಇಮೇಲಿನಲ್ಲಿ ಒಂದು ಎಕ್ಸೆಲ್ ಶೀಟ್ ಬಂತು. 212 ಸಾಲು ಇತ್ತು.

ಸಂಸ್ಥೆಯ ಹೆಸರು ಇಲ್ಲಿ ಬೇಡ. ಕೈಕಸುಬು ಕಲಿಸುವ ಸಂಸ್ಥೆ ಅಂದರೆ ಸಾಕು. ಮರಗೆಲಸ, ಹೊಲಿಗೆ, ರೇಡಿಯೋ ರಿಪೇರಿ, ಟೈಪಿಂಗ್, ಆಮೇಲೆ ಕಂಪ್ಯೂಟರ್. ವಿನ್ಯಾಸ ಮತ್ತು ಕೋಡ್ ಎರಡೂ ನನ್ನ ತಲೆಗೇ ಬಿತ್ತು. ಸಂಸ್ಥೆಯ ಕಡೆಯಿಂದ ಇಬ್ಬರು ಜೊತೆಗಿದ್ದರು: ಈಗಿನ ಕಾರ್ಯದರ್ಶಿ ಮೇಡಂ, ಮತ್ತು ಮೂವತ್ತು ವರ್ಷ ಅಲ್ಲಿ ಲೆಕ್ಕ ಬರೆದು ನಿವೃತ್ತರಾದ ಒಬ್ಬರು. ಅವರನ್ನು ಎಲ್ಲರೂ 'ಲೆಕ್ಕದ ಸರ್' ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಆರು ವಾರದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಐದು ತಿಂಗಳು ಹಿಡಿಯಿತು. ಅದರಲ್ಲಿ ಕೋಡ್ ಬರೆದದ್ದು ಮೂರು ವಾರ ಇರಬಹುದು. ಉಳಿದ ಸಮಯ ಎಲ್ಲಿ ಹೋಯಿತು ಅನ್ನುವುದೇ ಈ ಪ್ರಕರಣ.

ಶೀಟಿನಲ್ಲಿ ಏನಿತ್ತು, ಏನಿರಲಿಲ್ಲ

ಮೊದಲು 212 ಸಾಲನ್ನೂ ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿಕೊಂಡೆ. ನಾಲ್ಕು ಬಣ್ಣದ ಹೈಲೈಟರ್ ಹಿಡಿದೆ. ಶಂಕುಸ್ಥಾಪನೆ, ಉದ್ಘಾಟನೆ, ಕಟ್ಟಡಕ್ಕೆ ಹಳದಿ. ಪದಾಧಿಕಾರಿಗಳ ಆಯ್ಕೆಗೆ ಹಸಿರು. ಗಣ್ಯರ ಭೇಟಿ, ಪ್ರಶಸ್ತಿಗೆ ಗುಲಾಬಿ. ಕಲಿಸುವುದು, ಕಲಿಯುವುದಕ್ಕೆ ಸಂಬಂಧಪಟ್ಟದ್ದಕ್ಕೆ ನೀಲಿ.

ನೀಲಿ ಹತ್ತಿದ್ದು ಹದಿನಾಲ್ಕೇ ಸಾಲಿಗೆ. ಕೈಕಸುಬು ಕಲಿಸುವ ಸಂಸ್ಥೆಯ ಇತಿಹಾಸದಲ್ಲಿ ಕಲಿಕೆಗೆ ಹದಿನಾಲ್ಕು ಸಾಲು!

ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಶೀಟ್ ಮಾಡಿದವರು ಎರಡು ಕಡೆಯಿಂದ ಮಾಹಿತಿ ಎತ್ತಿದ್ದರು: ಫೋಟೋ ಆಲ್ಬಂ ಮತ್ತು ಆಡಳಿತ ಮಂಡಳಿಯ ನಡಾವಳಿ ಪುಸ್ತಕ. ಫೋಟೋ ತೆಗೆಯುವುದು ಸಮಾರಂಭದ ದಿನ. ನಡಾವಳಿಯಲ್ಲಿ ಬರೆಯುವುದು ಠರಾವು ಆದಾಗ. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಮಾಮೂಲಿ ತರಗತಿ ನಡೆಯುವಾಗ ಯಾರು ಕ್ಯಾಮೆರಾ ತರುತ್ತಾರೆ? ಹಾಗಾಗಿ ದಿನವೂ ನಡೆದ ಕೆಲಸ ದಾಖಲೆಗೆ ಬರಲಿಲ್ಲ. ವರ್ಷಕ್ಕೊಮ್ಮೆ ನಡೆದದ್ದು ಮಾತ್ರ ಬಂತು.

ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಬೆಳ್ಳಿಹಬ್ಬದ 25ನೇ ವರ್ಷ ಒಂದಕ್ಕೇ 31 ಸಾಲು. 17ನೇ ವರ್ಷದಿಂದ 21ನೇ ವರ್ಷದವರೆಗೆ ಒಂದೇ ಒಂದು ಸಾಲೂ ಇಲ್ಲ. ಕೇಳಿದೆ. ಕಾರ್ಯದರ್ಶಿ ಮೇಡಂ, "ಆಗ ಅಂಥ ವಿಶೇಷ ಏನೂ ಆಗಿರಲಿಲ್ಲ ಅಂತ ಕಾಣುತ್ತೆ" ಅಂದರು. ಲೆಕ್ಕದ ಸರ್ ಏನೂ ಹೇಳಲಿಲ್ಲ. ಹಾಳೆ ಮಗುಚಿದರು.

ಮೊದಲ ಆವೃತ್ತಿ ಕೈಕೊಟ್ಟದ್ದು

ಸಮಯ ಉಳಿಸೋಣ ಅಂತ ಮೊದಲು ಟೈಮ್‌ಲೈನ್‌ಜೆಎಸ್ ಬಳಸಿದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೈಟ್ ಲ್ಯಾಬ್ ಮಾಡಿದ ಉಚಿತ ಸಾಧನ ಅದು. ಗೂಗಲ್ ಶೀಟಿನಲ್ಲಿ ಸಾಲು ತುಂಬಿದರೆ ಟೈಮ್‌ಲೈನ್ ತಾನಾಗಿ ಮೂಡುತ್ತದೆ. ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯಿತು, ನೋಡಲೂ ಚೆನ್ನಾಗಿತ್ತು. ಆದರೆ ಅದನ್ನು ಮಾಡಿದವರೇ 20 ಸ್ಲೈಡ್ ದಾಟಬೇಡಿ ಅಂತ ಸಲಹೆ ಕೊಟ್ಟಿದ್ದಾರೆ. ನಾನು 212 ತುಂಬಿದ್ದೆ. ಸಾಧನದ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ಐದು ಜನರ ಕೈಗೆ ಫೋನ್ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂತೆ. ಹೊಲಿಗೆ ಕಲಿಸುತ್ತಿದ್ದ ನಿವೃತ್ತ ಟೀಚರ್ ಒಬ್ಬರು 'ಮುಂದೆ' ಗುಂಡಿಯನ್ನು ಏಳು ಸಲ ಒತ್ತಿದರು. ಎಂಟನೇ ಸಲ ಒತ್ತುವ ಮೊದಲು ಕೇಳಿದರು: "ನಾನು ಸೇರಿದ ವರ್ಷಕ್ಕೆ ಹೋಗೋದು ಹೇಗಪ್ಪಾ?" ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಬ್ಯಾಚಿನ ಫೋಟೋ ಹುಡುಕಿದ. ಹೊಸದಾಗಿ ಸೇರಿದ ನೌಕರ ಎರಡು ನಿಮಿಷ ನೋಡಿ, "ಚೆನ್ನಾಗಿದೆ ಸರ್" ಅಂತ ಫೋನ್ ವಾಪಸ್ ಕೊಟ್ಟ. ಮೊದಲಿಂದ ಕೊನೆಯವರೆಗೆ ಓದಿದವರು ಒಬ್ಬರೂ ಇಲ್ಲ.

ಟೈಮ್‌ಲೈನ್ ಮಾಡಿಸುವವರ ಮನಸ್ಸಿನಲ್ಲಿ ಒಂದು ಮೆರವಣಿಗೆ ಇರುತ್ತದೆ. ಸ್ಥಾಪನೆಯಿಂದ ಹೊರಟು ಇವತ್ತಿನವರೆಗೆ ಬಂದು ನಿಲ್ಲುವ ಮೆರವಣಿಗೆ. ನೋಡುವವರು ಬರುವುದು ಬೇರೆ ಥರ. ಅವರ ಕೈಯಲ್ಲಿ ಒಂದು ವರ್ಷ ಇರುತ್ತದೆ, ತಾವು ಸೇರಿದ ವರ್ಷ, ಅಮ್ಮ ಕಲಿತ ವರ್ಷ. ಅದನ್ನು ಹಿಡಿದು ತಮ್ಮ ಜಾಗ ಹುಡುಕುತ್ತಾರೆ.

ಹಾಗಾಗಿ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಮೇಲೆ ಒಂದೇ ಒಂದು ಪೆಟ್ಟಿಗೆ ಇಟ್ಟೆ: "ನೀವು ಇಲ್ಲಿ ಯಾವ ವರ್ಷ ಇದ್ದಿರಿ?" ವರ್ಷ ಟೈಪ್ ಮಾಡಿದರೆ ನೇರವಾಗಿ ಅಲ್ಲಿಗೆ. ಇದು ಗೆಲ್ಲುತ್ತದೆ ಅಂತ ನನಗೆ ಗ್ಯಾರಂಟಿ ಇತ್ತು. ಮತ್ತೆ ಜನರನ್ನು ಕೂರಿಸಿದೆ. ಸುಮಾರು ಐವತ್ತೈದರ ಆಸುಪಾಸಿನ ಒಬ್ಬರು ಬಂದರು. ತಮ್ಮ ವರ್ಷ ಹಾಕಿದರು. ಅದು ಸಂಸ್ಥೆಯ 18ನೇ ವರ್ಷ. ಪರದೆ ಬೆಳ್ಳಗೆ. ಏನೂ ಇಲ್ಲ.

"ತಪ್ಪು ಹೊಡೆದೆನಾ?" ಅಂತ ಮತ್ತೆ ಹಾಕಿದರು. ಮತ್ತೆ ಖಾಲಿ. ಆಮೇಲೆ ಅಂದರು: "ನಾನು ಇಲ್ಲೇ ಕಲಿತದ್ದು ಸರ್. ಮರಗೆಲಸ."

ವಿಶೇಷ ಏನೂ ಆಗಿರದ ವರ್ಷದಲ್ಲಿ ಇವರು ಬದುಕಿಗೆ ಬೇಕಾದ ಕೆಲಸ ಕಲಿತಿದ್ದರು. ಅವತ್ತು ಸಂಜೆ ಕೋಡ್ ಮುಚ್ಚಿಟ್ಟು ಮತ್ತೆ ಶೀಟಿಗೆ ಹೋದೆ.

ದಿನಾಂಕ ಅನ್ನುವ ಸುಳ್ಳು

ಯಾರಾದರೂ ಟೈಮ್‌ಲೈನ್ ಮಾಡಲು ಹೊರಟರೆ ದಿನಾಂಕದ ಕಾಲಂ ಮೇಲೆ ಮೊದಲ ವಾರ ಕಳೆಯಿರಿ ಅಂತ ಹೇಳುತ್ತೇನೆ. ನಾನು ಕಳೆಯಲಿಲ್ಲ, ಆಮೇಲೆ ಒಂದು ತಿಂಗಳು ಅದರ ಹಿಂದೆ ಓಡಿದೆ.

ಮೊದಲ ತಮಾಷೆ: ಸ್ಥಾಪಕರು ಟೈಮ್‌ಲೈನಿನ ಬಲ ತುದಿಯಲ್ಲಿ, ಭವಿಷ್ಯದಲ್ಲಿ ಹುಟ್ಟಿದ್ದರು. ಅವರ ಜನ್ಮದಿನದ ವರ್ಷವನ್ನು ಯಾರೋ '27' ಅಂತ ಎರಡೇ ಅಂಕಿಯಲ್ಲಿ ಹೊಡೆದಿದ್ದರು. ಎಕ್ಸೆಲ್ ಅದನ್ನು 2027 ಅಂತ ತಿಳಿಯಿತು. ಎರಡಂಕಿಯ ವರ್ಷ ಕೊಟ್ಟರೆ ಯಾವ ಶತಮಾನ ಅಂತ ಅದು ತನ್ನ ನಿಯಮದಂತೆ ತಾನೇ ತೀರ್ಮಾನಿಸುತ್ತದೆ. ನಕ್ಕು ಸರಿಮಾಡಿದೆವು. ಆದರೆ ಇದು ಕಣ್ಣಿಗೆ ಹೊಡೆಯುವಂಥ ತಪ್ಪು. ಕಣ್ಣಿಗೆ ಬೀಳದವು ಇನ್ನೂ ಇದ್ದವು.

ಶೀಟಿನಲ್ಲಿ ತುಂಬಾ ಸಾಲುಗಳಿಗೆ ಬರೀ ವರ್ಷ ಗೊತ್ತಿತ್ತು. '1984' ಅಂತ ಇದ್ದರೆ ಜಾವಾಸ್ಕ್ರಿಪ್ಟ್ (ಬ್ರೌಸರಿನಲ್ಲಿ ಓಡುವ ಕೋಡ್ ಭಾಷೆ) ಅದನ್ನು 1984ರ ಜನವರಿ 1 ಅಂತ ಓದುತ್ತದೆ. ಪರಿಣಾಮ, ಪ್ರತಿ ವರ್ಷದ ಮೊದಲ ದಿನ ಜಾತ್ರೆ, ಉಳಿದ ದಿನ ಬಣಬಣ. ಅದಕ್ಕಿಂತ ವಿಚಿತ್ರ ಏನೆಂದರೆ, ಅದು ಗ್ರೀನ್‌ವಿಚ್ ಸಮಯದ ಜನವರಿ 1. ಗ್ರೀನ್‌ವಿಚ್‌ನಿಂದ ಪಶ್ಚಿಮಕ್ಕಿರುವ ದೇಶದಲ್ಲಿ ಕೂತು ನೋಡಿದವರ ಬ್ರೌಸರಿನಲ್ಲಿ ಅದೇ ಘಟನೆ 1983ರ ಡಿಸೆಂಬರ್ 31ಕ್ಕೆ ಸರಿಯುತ್ತದೆ. ವಿದೇಶದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು "ವರ್ಷವೆಲ್ಲ ಒಂದೊಂದು ಹಿಂದೆ ಇದೆಯಲ್ಲ" ಅಂತ ಬರೆದಾಗಲೇ ನಮಗೆ ಗೊತ್ತಾದದ್ದು.

ಫೋಟೋಗಳದ್ದು ಬೇರೆಯೇ ಕಥೆ. ಹಳೆಯ ಫೋಟೋವನ್ನು ಸ್ಕ್ಯಾನ್ ಮಾಡಿದಾಗ ಫೈಲಿನಲ್ಲಿ ಕೂರುವುದು ಸ್ಕ್ಯಾನ್ ಮಾಡಿದ ದಿನಾಂಕ. ಫೋಟೋ ತೆಗೆದ ದಿನ ಅಲ್ಲ. ನಾನು ಫೈಲಿನಿಂದ ದಿನಾಂಕ ಎತ್ತುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಜಾಣತನ ಮೆರೆದಿದ್ದೆ. ಕಪ್ಪು ಬಿಳುಪಿನ ಅರವತ್ತು ಫೋಟೋ ಕಳೆದ ವರ್ಷಕ್ಕೆ ಹೋಗಿ ಕೂತವು.

ಇನ್ನು ವಾರ್ಷಿಕ ವರದಿ. ಅದರ ಮೇಲೆ 1981-82 ಅಂತ ಇರುತ್ತದೆ. ಒಳಗೆ "ಈ ವರ್ಷ ಹೊಸ ವಿಭಾಗ ತೆರೆಯಲಾಯಿತು" ಅಂತ ಬರೆದಿದ್ದರೆ ಅದು 81ರಲ್ಲೋ 82ರಲ್ಲೋ? ಶೀಟ್ ತುಂಬಿದವರು ಒಂದೊಂದು ಕಡೆ ಒಂದೊಂದು ಹಿಡಿದಿದ್ದರು.

ಇದಕ್ಕೆಲ್ಲ ದಾರಿ ಸಿಕ್ಕಿದ್ದು ಗ್ರಂಥಾಲಯದವರ ಲೋಕದಲ್ಲಿ. ಅವರಿಗೆ ಈ ತಲೆನೋವು ಹಳೆಯದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮುಂದೆ ನಿಂತು ರೂಪಿಸಿದ ಇಡಿಟಿಎಫ್ ಎಂಬ ದಿನಾಂಕ ಬರೆಯುವ ಪದ್ಧತಿ ಇದೆ. 2019ರಲ್ಲಿ ಅದು ಐಎಸ್‌ಒ 8601 ಮಾನದಂಡದ ಎರಡನೇ ಭಾಗದೊಳಗೆ ಸೇರಿತು. ಅದರಲ್ಲಿ '1984?' ಅಂದರೆ 1984 ಇರಬೇಕು, ಖಚಿತ ಇಲ್ಲ. '1984~' ಅಂದರೆ 1984ರ ಆಸುಪಾಸು. '198X' ಅಂದರೆ ಎಂಬತ್ತರ ದಶಕದಲ್ಲಿ ಯಾವಾಗಲೋ. ನಡುವೆ ಓರೆಗೆರೆ ಹಾಕಿದರೆ ಇಲ್ಲಿಂದ ಅಲ್ಲಿಯವರೆಗೆ.

ಈ ನಾಲ್ಕು ಗುರುತು ಕಾರ್ಯದರ್ಶಿ ಮೇಡಂಗೆ ಕಲಿಸಲು ಹತ್ತು ನಿಮಿಷ ಸಾಕಾಯಿತು. ಶೀಟಿಗೆ ಎರಡು ಕಾಲಂ ಹೊಸದಾಗಿ ಸೇರಿಸಿದೆವು: 'ಎಷ್ಟು ಖಚಿತ' ಮತ್ತು 'ಎಲ್ಲಿಂದ ಗೊತ್ತು'. ಎರಡನೇ ಕಾಲಂ ಖಾಲಿ ಇದ್ದರೆ ಸಾಲು ಪ್ರಕಟ ಆಗುವುದಿಲ್ಲ ಅಂತ ನಿಯಮ ಮಾಡಿದೆ. ಒಂದೇ ವಾರದಲ್ಲಿ 212 ಇದ್ದದ್ದು 140ಕ್ಕೆ ಇಳಿಯಿತು. ಬಿದ್ದುಹೋದದ್ದರಲ್ಲಿ ಜಾಸ್ತಿ ಪಾಲು ಒಂದೇ ಸಮಾರಂಭದ ಎರಡೆರಡು ನಮೂದು.

ಇದನ್ನು ಪರದೆಯ ಮೇಲೆ ತೋರಿಸುವುದು ಹೇಗೆ? ಮೊದಲು ಅಂಚು ಮಸುಕಾದ ಚುಕ್ಕಿ ಮಾಡಿದೆ. ಚಂದ ಕಂಡಿತು, ಆದರೆ ಬಿಸಿಲಲ್ಲಿ ಫೋನ್ ಹಿಡಿದವರಿಗೆ ಕಾಣಲೇ ಇಲ್ಲ. ಕೊನೆಗೆ ಎರಡೂವರೆ ಶತಮಾನ ಹಿಂದೆ ಹೋದೆ. ಆಮ್ಲಜನಕದ ಸಂಶೋಧನೆಗೆ ಹೆಸರಾದ ಜೋಸೆಫ್ ಪ್ರೀಸ್ಟ್ಲಿ 1765ರಲ್ಲಿ ಸುಮಾರು ಎರಡು ಸಾವಿರ ಜನರ ಬದುಕನ್ನು ಒಂದೇ ಹಾಳೆಯಲ್ಲಿ ಅಡ್ಡ ಗೆರೆಗಳಾಗಿ ಎಳೆದಿದ್ದ. ಹುಟ್ಟಿದ್ದು, ಸತ್ತದ್ದು ಖಚಿತವಾಗಿ ಗೊತ್ತಿದ್ದರೆ ತುಂಬು ಗೆರೆ. ಗೊತ್ತಿಲ್ಲದ ತುದಿಯಲ್ಲಿ ಚುಕ್ಕಿಗಳು. ಅಷ್ಟೇ ಉಪಾಯ. ಯಾರಿಗೂ ವಿವರಿಸಬೇಕಾಗಿಲ್ಲ, ನೋಡಿದ ಕೂಡಲೇ ಗೊತ್ತಾಗುತ್ತದೆ. ಅದನ್ನೇ ಎತ್ತಿಕೊಂಡೆ.

ಚುಕ್ಕಿಯಿಂದ ಗೆರೆಗೆ

ಪ್ರೀಸ್ಟ್ಲಿಯ ಹಾಳೆ ಇನ್ನೊಂದು ಕೆಲಸವನ್ನೂ ಮಾಡಿತು. ಅವನದ್ದೆಲ್ಲ ಗೆರೆ, ನಮ್ಮದೆಲ್ಲ ಚುಕ್ಕಿ. ಹುಟ್ಟಿದ ದಿನ ಅವನಿಗೆ ಮುಖ್ಯ ಅಲ್ಲ, ಬದುಕಿದ ಅವಧಿ ಮುಖ್ಯ.

ನಮ್ಮ ಶೀಟಿನಲ್ಲಿ ಟೈಪಿಂಗ್ ತರಗತಿಗೆ ಒಂದೇ ಚುಕ್ಕಿ ಇತ್ತು: ಹತ್ತು ಯಂತ್ರ ದಾನ ಬಂದ ದಿನ. ಆ ತರಗತಿ ಇಪ್ಪತ್ತೆರಡು ವರ್ಷ ನಡೆಯಿತು. ಯಾವಾಗ ನಿಂತಿತು ಅಂತ ಎಲ್ಲೂ ಬರೆದಿಲ್ಲ, ಯಾಕೆಂದರೆ ಯಾವುದನ್ನೇ ಆಗಲಿ ನಿಲ್ಲಿಸುವಾಗ ಸಮಾರಂಭ ಮಾಡುವುದಿಲ್ಲ, ಅಲ್ವಾ? ಲೆಕ್ಕದ ಸರ್ ಅದಕ್ಕೂ ದಾರಿ ಹೇಳಿದರು. "ಟೈಪ್‌ರೈಟರಿನ ಶಾಯಿ ರಿಬ್ಬನ್ ಖರೀದಿ ಯಾವ ವರ್ಷ ನಿಂತಿದೆ ನೋಡಿ." ಖರ್ಚಿನ ಪುಸ್ತಕ ತೆಗೆದೆವು. ಒಂದು ವರ್ಷ ಆರು ರಿಬ್ಬನ್, ಮುಂದಿನ ವರ್ಷ ಎರಡು, ಅದರ ಮುಂದಿನ ವರ್ಷ ಆ ಶೀರ್ಷಿಕೆಯೇ ಇಲ್ಲ. ತರಗತಿಯ ಕೊನೆ ಅಲ್ಲಿತ್ತು.

ಟೈಪಿಂಗ್ ಗೆರೆಯ ಕೆಳಗೆ ಕಂಪ್ಯೂಟರ್ ಗೆರೆ ಎಳೆದಾಗ ಎರಡೂ ನಾಲ್ಕು ವರ್ಷ ಒಟ್ಟಿಗೆ ಓಡಿದ್ದು ಕಂಡಿತು. ಒಂದೇ ಕೋಣೆಯಲ್ಲಿ ಒಂದು ಗೋಡೆಗೆ ಟೈಪ್‌ರೈಟರ್, ಎದುರು ಗೋಡೆಗೆ ಕಂಪ್ಯೂಟರ್. ಇದನ್ನು ಕಂಡ ಹಳಬರೆಲ್ಲ ಒಬ್ಬೊಬ್ಬರು ಒಂದೊಂದು ನೆನಪು ಹೇಳಿದರು. ಉದ್ಘಾಟನೆಯ ಫೋಟೋ ನೋಡಿ ಯಾರೂ ಏನೂ ಹೇಳಿರಲಿಲ್ಲ.

ಆಮೇಲೆ ಇಡೀ ಟೈಮ್‌ಲೈನನ್ನು ಮೂರು ಪಟ್ಟಿಯಾಗಿ ಒಡೆದೆ: ಜಾಗ, ಕೆಲಸ, ಜನ. 'ಕೆಲಸ' ಪಟ್ಟಿಯಲ್ಲಿ ಬರೀ ಗೆರೆಗಳು. ಪದಾಧಿಕಾರಿಗಳ ಆಯ್ಕೆ 'ಜನ' ಪಟ್ಟಿಯಲ್ಲಿ ಚುಕ್ಕಿಯ ಬದಲು ಅವಧಿಯಾಯಿತು. ಈ ಒಂದು ಬದಲಾವಣೆಯಿಂದ ಹಸಿರು ಬಣ್ಣದ 48 ಸಾಲು ಹನ್ನೆರಡು ಗೆರೆಯಾಗಿ ಇಳಿಯಿತು. ಮಾಜಿ ಅಧ್ಯಕ್ಷರೊಬ್ಬರಿಗೆ ಇದು ಅಷ್ಟು ಹಿಡಿಸಲಿಲ್ಲ. ಅವರ ಎರಡನೇ ಬಾರಿಯ ಆಯ್ಕೆಗೆ ಪ್ರತ್ಯೇಕ ಫೋಟೋ ಇತ್ತಂತೆ. ಅದನ್ನು ಗೆರೆಯೊಳಗೆ ಮುಟ್ಟಿದರೆ ತೆರೆಯುವ ಹಾಗೆ ಇಟ್ಟು ಸಮಾಧಾನ ಮಾಡಿದೆವು.

ಆ ಐದು ವರ್ಷ

ಗೆರೆ ಎಳೆದ ಮೇಲೆ ಖಾಲಿ ಜಾಗ ಇನ್ನೂ ಎದ್ದು ಕಂಡಿತು. ಎಲ್ಲ ಗೆರೆಗಳೂ 16ನೇ ವರ್ಷದಲ್ಲಿ ಕತ್ತರಿಸಿದ ಹಾಗೆ ನಿಂತು 22ರಲ್ಲಿ ಮತ್ತೆ ಶುರು. ಕಟ್ಟಿಗೆಯಲ್ಲಿ ಗರಗಸ ಆಡಿಸಿದ ಹಾಗೆ.

ಇದನ್ನು ಮುಚ್ಚಿಡಲು ತಂತ್ರ ಇಲ್ಲದೆ ಇಲ್ಲ. ಘಟನೆಗಳನ್ನು ಸಮಾನ ಅಂತರದಲ್ಲಿ ಜೋಡಿಸಿದರೆ ಸಾಕು. 16ರ ಚುಕ್ಕಿಯ ಪಕ್ಕ 22ರ ಚುಕ್ಕಿ ಬರುತ್ತದೆ, ನಡುವಿನ ಐದು ವರ್ಷ ಯಾರಿಗೂ ಕಾಣುವುದಿಲ್ಲ. ತುಂಬಾ ಟೈಮ್‌ಲೈನ್‌ಗಳು ಹಾಗೇ ಇರುತ್ತವೆ. ಒಳಗೊಳಗೇ ನನಗೂ ಆಸೆ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಮರಗೆಲಸ ಕಲಿತವರ ಮುಖ ನೆನಪಿತ್ತು.

ಆಡಳಿತ ಮಂಡಳಿಯ ಸಭೆಗೆ ದೊಡ್ಡ ಪ್ರಿಂಟ್ ತೆಗೆದುಕೊಂಡು ಹೋದೆ. ಹಾಳೆಯ ಮೇಲಿನ ಖಾಲಿಯನ್ನು ಎಲ್ಲರೂ ನೋಡಿದರು. ಒಬ್ಬರು, "ಇದನ್ನ ಬಿಟ್ಬಿಡಿ, ಯಾರು ಕೇಳ್ತಾರೆ?" ಅಂದರು. ಇನ್ನೊಬ್ಬರು ಬೆಳ್ಳಿಹಬ್ಬದ ಫೋಟೋಗಳನ್ನು ದೊಡ್ಡದು ಮಾಡಿ ಆ ಕಡೆಗೆ ಸ್ವಲ್ಪ ಎಳೆಯಬಹುದಲ್ಲ ಅಂದರು. ಆಗ ಲೆಕ್ಕದ ಸರ್ ಆ ವರ್ಷಗಳ ಬಗ್ಗೆ ಮೊದಲ ಸಲ ಬಾಯಿ ಬಿಟ್ಟರು. "ವರದಿ ಅಚ್ಚಾಗಲಿಲ್ಲ ಅಷ್ಟೇ. ತರಗತಿ ನಿಂತಿರಲಿಲ್ಲ. ಹಾಜರಿ ಪುಸ್ತಕ ನನ್ನ ಹತ್ತಿರ ಇದೆ."

ಹಿನ್ನೆಲೆ ಇಷ್ಟು. ಆ ಹೊತ್ತಿಗೆ ಮಂಡಳಿ ಎರಡು ಗುಂಪಾಗಿತ್ತು. ಲೆಕ್ಕದ ವಿಷಯಕ್ಕೆ ವ್ಯಾಜ್ಯ ಹೂಡಿದ್ದರು. ಕಚೇರಿಗೆ ಬೀಗ ಬಿದ್ದಿತ್ತು. ಸಭೆ ಇಲ್ಲ, ನಡಾವಳಿ ಇಲ್ಲ, ಸಮಾರಂಭ ಇಲ್ಲ, ಫೋಟೋ ಇಲ್ಲ. ಕಲಿಸುವವರು ಮಾತ್ರ ಹಿಂದಿನ ಶೆಡ್ಡಿನಲ್ಲಿ ಕಲಿಸುತ್ತಾ ಹೋದರು. ಸಂಬಳ ತಡವಾಗಿ ಬಂತು, ಕೆಲವು ತಿಂಗಳು ಬರಲೇ ಇಲ್ಲ. ವ್ಯಾಜ್ಯ ರಾಜಿಯಲ್ಲಿ ಮುಗಿದ ಮೇಲೆ ಎರಡೂ ಕಡೆಯವರು ಅದನ್ನು ಮತ್ತೆ ಎತ್ತುವುದಿಲ್ಲ ಅಂತ ಒಪ್ಪಿಕೊಂಡಿದ್ದರು. ಆ ಮಾತನ್ನು ಉಳಿಸಿಕೊಂಡರು ಕೂಡ. ಮೌನದ ಜೊತೆ ಶೆಡ್ಡಿನ ತರಗತಿಗಳೂ ಮರೆಯಾಗಿದ್ದವು.

ಮಂಡಳಿಯವರು ಬರೆದು ಕೊಟ್ಟ ಮೊದಲ ಕರಡು ಹೀಗಿತ್ತು: "ಕೆಲವು ಅನಿವಾರ್ಯ ಕಾರಣಗಳಿಂದ ಈ ಅವಧಿಯಲ್ಲಿ ಸಂಸ್ಥೆಯ ಚಟುವಟಿಕೆಗಳು ಕುಂಠಿತಗೊಂಡವು." ಲೆಕ್ಕದ ಸರ್‌ಗೆ 'ಕುಂಠಿತ' ಸರಿಬರಲಿಲ್ಲ. ನಿಂತದ್ದು ಆಡಳಿತ, ಚಟುವಟಿಕೆ ಅಲ್ಲ ಅನ್ನುವುದು ಅವರ ವಾದ. ನನ್ನ ತಕರಾರು 'ಅನಿವಾರ್ಯ ಕಾರಣ'ದ ಮೇಲೆ. ಆ ಎರಡು ಪದ ಕಂಡ ಕೂಡಲೇ ಓದುಗ ದೊಡ್ಡದೇನೋ ಇದೆ ಅಂತ ಊಹೆ ಶುರು ಮಾಡುತ್ತಾನೆ. ನಾನು 'ಒಡಕು' ಅಂತ ಬರೆಯೋಣ ಅಂದೆ. ಒಪ್ಪಲಿಲ್ಲ. 'ಭಿನ್ನಾಭಿಪ್ರಾಯ'ಕ್ಕೆ ಬಂದು ನಿಂತಿತು. ಮೂರು ಸಭೆಯ ಕೊನೆಗೆ ಉಳಿದದ್ದು ಇದು:

"ಈ ಐದು ವರ್ಷ ಆಡಳಿತ ಮಂಡಳಿಯಲ್ಲಿ ಭಿನ್ನಾಭಿಪ್ರಾಯ ಇತ್ತು. ವಾರ್ಷಿಕ ವರದಿ ಅಚ್ಚಾಗಲಿಲ್ಲ, ಸಮಾರಂಭ ನಡೆಯಲಿಲ್ಲ. ಮರಗೆಲಸ, ಹೊಲಿಗೆ, ಟೈಪಿಂಗ್ ತರಗತಿಗಳು ಹಿಂದಿನ ಶೆಡ್ಡಿನಲ್ಲಿ ನಡೆದವು. ಹಾಜರಿ ಪುಸ್ತಕಗಳು ಉಳಿದಿವೆ."

ಇದರ ಕೆಳಗೆ ಹಾಜರಿ ಪುಸ್ತಕದ ಒಂದು ಪುಟ. ಹೆಸರಿನ ಕಾಲಂ ಮುಚ್ಚಿ, ಕ್ರಮಸಂಖ್ಯೆ ಮತ್ತು ಹಾಜರಿ ಗುರುತು ಮಾತ್ರ ಇಟ್ಟೆವು, ಏಕೆಂದರೆ ಆ ವಿದ್ಯಾರ್ಥಿಗಳ ಒಪ್ಪಿಗೆ ನಮ್ಮ ಹತ್ತಿರ ಇರಲಿಲ್ಲ. ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಕಲಿಸುವವರು ಬರೆದ ಒಂದು ಟಿಪ್ಪಣಿ ಇದೆ: "ಉಳಿ ಸಾಣೆ ಹಿಡಿಸಬೇಕು." ಹೆಸರು ಮುಚ್ಚಿದೆವು, ಅದನ್ನು ಮುಚ್ಚಲಿಲ್ಲ. 'ಕೆಲಸ' ಪಟ್ಟಿಯಲ್ಲಿ ಮೂರೂ ಗೆರೆಗಳು ಈಗ ಆ ಐದು ವರ್ಷದ ಮೂಲಕ ಕಡಿಯದೆ ಹಾದುಹೋಗುತ್ತವೆ. 'ಜಾಗ' ಮತ್ತು 'ಜನ' ಪಟ್ಟಿ ಅಲ್ಲಿ ಖಾಲಿ. ಹಾಗೇ ಇರಲಿ ಅಂತ ಬಿಟ್ಟೆ.

ಏಳು ಪಿಕ್ಸೆಲ್‌ನ ವರ್ಷ

ಪರದೆಯ ಲೆಕ್ಕ ಸರಳ, ಆದರೆ ಕ್ರೂರ. ಫೋನಿನ ಪರದೆ ಸುಮಾರು 360 ಪಿಕ್ಸೆಲ್ (ಪರದೆ ಅಳೆಯುವ ಪುಟ್ಟ ಚೌಕ) ಅಗಲ. ಐವತ್ತು ವರ್ಷವನ್ನು ಅಡ್ಡಡ್ಡ ಹಾಸಿದರೆ ಒಂದು ವರ್ಷಕ್ಕೆ ಏಳು ಪಿಕ್ಸೆಲ್ ಚಿಲ್ಲರೆ. ತಿಂಗಳಿಗೆ ಒಂದು ಪಿಕ್ಸೆಲ್ ಕೂಡ ಇಲ್ಲ. ವೆಬ್ ಎಲ್ಲರಿಗೂ ದಕ್ಕಬೇಕು ಅಂತ ಇರುವ ಡಬ್ಲ್ಯುಸಿಎಜಿ ಮಾರ್ಗಸೂಚಿಯ 2.2 ಆವೃತ್ತಿ 2023ರಲ್ಲಿ ಬಂತು. ಮುಟ್ಟುವ ಗುರಿ ಕನಿಷ್ಠ 24 ಪಿಕ್ಸೆಲ್ ಉದ್ದಗಲ ಇರಬೇಕು ಅನ್ನುತ್ತದೆ ಅದು. ಅಂದರೆ ಒಂದು ಬೆರಳಿನ ಕೆಳಗೆ ಮೂರು ವರ್ಷಕ್ಕಿಂತ ಜಾಸ್ತಿ. 31 ಘಟನೆ ಇರುವ 25ನೇ ವರ್ಷವನ್ನು ಯಾರು ಹೇಗೆ ಮುಟ್ಟಬೇಕು?

ಹಿಗ್ಗಿಸಿ ನೋಡಲಿ ಬಿಡಿ ಅನ್ನಬಹುದು. ಎರಡು ಬೆರಳಿನಲ್ಲಿ ಹಿಗ್ಗಿಸುವುದು ಕೆಲವರಿಗೆ ಆಗುವುದಿಲ್ಲ. ಅದೇ ಮಾರ್ಗಸೂಚಿಯ ಪ್ರಕಾರ ಎಳೆದು ಮಾಡುವ ಯಾವ ಕೆಲಸಕ್ಕೂ ಸುಮ್ನೆ ಒತ್ತಿ ಮಾಡುವ ಇನ್ನೊಂದು ದಾರಿ ಇರಬೇಕು. "ಬೆರಳಲ್ಲಿ ಎಳೆದ್ರೆ" ಅನ್ನುವ ಮೊದಲ ಬೇಡಿಕೆ ಅಲ್ಲಿಗೆ ಮೂಲೆ ಸೇರಿತು.

ಕೊನೆಗೆ ಎರಡು ಭಾಗ ಮಾಡಿದೆ. ಮೇಲೆ ಒಂದು ಸಪೂರ ಪಟ್ಟಿ: ಐವತ್ತು ವರ್ಷವೂ ಸರಿಯಾದ ಅಳತೆಯಲ್ಲಿ, ಖಾಲಿ ಇದ್ದ ಕಡೆ ಖಾಲಿ. ಅದನ್ನು ನೋಡಬಹುದು, ಮುಟ್ಟಬೇಕಾಗಿಲ್ಲ. ಅದರ ಕೆಳಗೆ ದಶಕಕ್ಕೊಂದರಂತೆ ಐದು ದೊಡ್ಡ ಗುಂಡಿ. ಆಮೇಲೆ ಓದುವ ಭಾಗ, ಮೇಲಿಂದ ಕೆಳಕ್ಕೆ, ಕಾರ್ಡುಗಳಾಗಿ. ಇಲ್ಲಿ ಅಳತೆ ಇಲ್ಲ, ಬರಹಕ್ಕೆ ಎಷ್ಟು ಬೇಕೋ ಅಷ್ಟು ಜಾಗ. ಅಳತೆಯ ಸತ್ಯ ಪಟ್ಟಿಗೆ, ಓದುವ ಸುಖ ಕಾರ್ಡಿಗೆ. ಇವೆರಡನ್ನೂ ಒಂದೇ ಚಿತ್ರದಲ್ಲಿ ಹೊಂದಿಸಲು ಮೂರು ವಾರ ಹೆಣಗಿದ್ದೆ, ಬೇರೆ ಮಾಡಿದ ಮೇಲೆ ಎರಡು ದಿನದಲ್ಲಿ ಮುಗಿಯಿತು.

ಒಳಗಡೆ ಇದು ಬರೀ ಒಂದು ಕ್ರಮವಾದ ಪಟ್ಟಿ. ಶೈಲಿ, ಜಾವಾಸ್ಕ್ರಿಪ್ಟ್ ಎಲ್ಲ ತೆಗೆದರೂ ವರ್ಷದ ಶೀರ್ಷಿಕೆ, ಅದರ ಕೆಳಗೆ ಬರಹ, ಅಷ್ಟು ಉಳಿಯುತ್ತದೆ. ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರು ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯಬಹುದು. ಪ್ರತಿ ಕಾರ್ಡಿಗೂ ಅದರದ್ದೇ ಲಿಂಕ್ ಇದೆ, ಆ ಹೊಲಿಗೆ ಟೀಚರ್ ತಮ್ಮ ವರ್ಷವನ್ನು ಮಗಳಿಗೆ ಕಳಿಸಿದ್ದು ಹಾಗೆ. ಚಲನೆ ಕಡಿಮೆ ಇರಲಿ ಅಂತ ಫೋನಿನಲ್ಲಿ ಹೊಂದಿಸಿಕೊಂಡವರಿಗೆ ಕಾರ್ಡುಗಳು ತೇಲಿ ಬರುವುದಿಲ್ಲ. ಫೋಟೋಗಳು ಹತ್ತಿರ ಬಂದಾಗ ಮಾತ್ರ ಲೋಡ್ ಆಗುತ್ತವೆ. ಹಿನ್ನೆಲೆ ಸಂಗೀತ ಬೇಕು ಅಂತ ಒಬ್ಬರು ಕೇಳಿದ್ದರು. ಇಲ್ಲ ಅಂದೆ.

ಸಿಡಿಯ ಪಾಠ

ಕೆಲಸ ಮುಗಿಯುವ ಹೊತ್ತಿಗೆ ಕಾರ್ಯದರ್ಶಿ ಮೇಡಂ ಬೀರುವಿನಿಂದ ಒಂದು ಸಿಡಿ ತೆಗೆದುಕೊಟ್ಟರು. ಬೆಳ್ಳಿಹಬ್ಬಕ್ಕೆ ಮಾಡಿಸಿದ 'ಇಂಟರ್‌ಆಕ್ಟಿವ್' ಇತಿಹಾಸ. ಆಗ ಅನಿಮೇಶನ್‌ಗೆ ಬಳಸುತ್ತಿದ್ದ ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ ಮಾಡಿದ್ದು. ಅಡೋಬಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಪ್ಲೇಯರ್ ತಾನೇ ಓಡಲು ನಿರಾಕರಿಸಿತು. ಸಿಡಿಯ ಕವರ್ ಮೇಲಿನ ಚಿತ್ರ ಮಾತ್ರ ನೋಡಲು ಸಿಕ್ಕಿತು. ಅದರೊಳಗಿನ ಮಾಹಿತಿಯ ಮೂಲ ಪ್ರತಿ ಯಾರ ಹತ್ತಿರವೂ ಇಲ್ಲ.

ಆದ್ದರಿಂದ ನಮ್ಮ ಟೈಮ್‌ಲೈನಿನ ನಿಜವಾದ ಆಸ್ತಿ ಅಂತ ನಾನು ಒಪ್ಪಿಸಿದ್ದು ಪರದೆಯನ್ನಲ್ಲ, ಶೀಟನ್ನು. ಸರಳ ಸಿಎಸ್‌ವಿ ಫೈಲ್ (ಶೀಟಿನ ಸಾಲುಗಳನ್ನು ಬರೀ ಅಕ್ಷರವಾಗಿ ಇಡುವ ಫೈಲ್), ಫೋಟೋಗಳ ಫೋಲ್ಡರ್, ಒಂದು ಪುಟದ ವಿವರಣೆ. ವರ್ಷಕ್ಕೊಮ್ಮೆ ಎಲ್ಲವನ್ನೂ ಪ್ರಿಂಟ್ ತೆಗೆದು ನಡಾವಳಿ ಪುಸ್ತಕದ ಪಕ್ಕ ಇಡಬೇಕು ಅಂತಲೂ ಸೇರಿಸಿದೆ. ಮೊದಲ ವರ್ಷ ಇಟ್ಟಿದ್ದಾರೆ.

ನಾನು ಎಡವಿದ್ದು ಇನ್ನೊಂದು ಕಡೆ. ಹಳೆಯ ತರಗತಿಯ ಫೋಟೋಗಳಲ್ಲಿ ಇರುವವರನ್ನು ಕೇಳದೆ ಪ್ರಕಟಿಸಿದೆವು. ಒಬ್ಬರು ಫೋನ್ ಮಾಡಿ ತಮ್ಮ ಫೋಟೋ ತೆಗೆಯಲು ಹೇಳಿದರು. ಕಾರಣ ಕೇಳಲಿಲ್ಲ, ಅರ್ಧ ಗಂಟೆಯಲ್ಲಿ ತೆಗೆದೆವು. 'ಇದನ್ನು ತೆಗೆಯಿರಿ' ಅನ್ನುವ ಗುಂಡಿ ಪ್ರತಿ ಫೋಟೋ ಕೆಳಗೆ ಮೊದಲ ದಿನದಿಂದಲೇ ಇರಬೇಕಿತ್ತು. ಅದು ಬಂದದ್ದು ಆ ಫೋನ್ ಆದ ಮೇಲೆ.

ಪ್ರಕಟವಾದ ನಂತರ

ಪ್ರತಿ ವರ್ಷದ ಕೊನೆಯಲ್ಲಿ ಒಂದು ಸಣ್ಣ ಫಾರಂ ಇದೆ: "ಈ ವರ್ಷದ ಬಗ್ಗೆ ನಿಮ್ಮ ಹತ್ತಿರ ಏನಾದರೂ ಇದೆಯಾ?" ಬಂದ ಮೊದಲ ಹನ್ನೊಂದರಲ್ಲಿ ಆರು ಆ ಐದು ವರ್ಷದವು. ಶೆಡ್ಡಿನ ಮುಂದೆ ನಿಂತ ಮೂವರ ಫೋಟೋ. ಕೈಬರಹದ ಪಾಠದ ಟಿಪ್ಪಣಿ. ತಡವಾಗಿ ಬಂದ ಸಂಬಳದ ರಸೀದಿ, ಇದನ್ನು ಹಾಕಬೇಕೋ ಬೇಡವೋ ಅಂತ ಮಂಡಳಿ ಇನ್ನೂ ಯೋಚಿಸುತ್ತಿದೆ.

ಮರಗೆಲಸ ಕಲಿತವರೂ ಒಂದು ಫೋಟೋ ಕಳಿಸಿದರು. ಒಂದು ಸ್ಟೂಲ್, ಕೂರುವ ಹಲಗೆ ಸವೆದು ನಡುವೆ ತಗ್ಗಾಗಿದೆ. ಅವರು ಮಾಡಿದ ಮೊದಲ ಸಾಮಾನಂತೆ. ದಿನಾಂಕದ ಜಾಗದಲ್ಲಿ "17ನೇ ವರ್ಷ ಇರಬೇಕು ಅಥವಾ 18, ಮಳೆ ಇತ್ತು" ಅಂತ ಬರೆದಿದ್ದರು. 'ಎಲ್ಲಿಂದ ಗೊತ್ತು' ಕಾಲಂನಲ್ಲಿ "ಮಾಡಿದವರು ಹೇಳಿದ್ದು" ಅಂತ ತುಂಬಿ, ಎರಡೂ ತುದಿಗೆ ಚುಕ್ಕಿ ಇಟ್ಟು ಸೇರಿಸಿದೆ.